ಸೋಪಿನ ನೀರಿನ ಗಿರಾಕಿ

ಪ್ರತಿ ಚಳಿಗಾಲಕ್ಕೂ ಗ್ಯಾಸ್ ಸಿಲಿಂಡರಿಗೆ ಕಂಬಳಿ ಹೊದಿಸುವ ಒಬ್ಬ ಮಹಾನುಭಾವ ನಮ್ಮಲ್ಲಿಗೆ ಬಂದೇ ಬರುತ್ತಾನೆ. ಆ ವರ್ಷ ಬಂದವನು ರಾಯ್ಸ್ ಗಿಡ್ರಿ. ಚಳಿ ಎಂದರೇನೆಂದೇ ತಿಳಿಯದ ಲೂಸಿಯಾನದ ಜೌಗು ನೆಲದವನು. ಎಣ್ಣೆ ಬಾವಿಯಲ್ಲಿ ಕೆಲಸ ಸಿಕ್ಕಿತೆಂದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದೆ ಒಂದು ಟ್ರೈಲರ್, ಅಂದರೆ ಗಾಲಿಯ ಮೇಲಿನ ಮನೆ, ಕಟ್ಟಿಕೊಂಡು, ನವೆಂಬರ್ ತಿಂಗಳಲ್ಲಿ ಉತ್ತರ ಡಕೋಟಾಕ್ಕೆ ಬಂದಿಳಿದ. ನವೆಂಬರಿನಲ್ಲಿ! ಬುದ್ಧಿ ಇರುವವರು ಇಲ್ಲಿಂದ ಹೊರಡುವ ತಿಂಗಳು ಅದು. ಆ ಟ್ರೈಲರಾದರೂ ಎಂಥದ್ದು? ಬೇಸಿಗೆಯಲ್ಲಿ ಕೆರೆ ದಂಡೆಗೆ ಹೋಗಿ ಎರಡು ದಿನ ಮೀನು ಹುರಿದುಕೊಂಡು ತಿಂದು ಬರುವುದಕ್ಕೆ ಮಾಡಿದ್ದು. ಅದರ ಗೋಡೆ ನನ್ನ ಹೆಬ್ಬೆರಳಿನಷ್ಟೂ ದಪ್ಪ ಇರಲಿಲ್ಲ.

ನಾನು ಆರ್ಡಿಸ್ ಲೊಕೆನ್. ಬ್ರೆಕ್ಕೆಯವರ ಟ್ರೈಲರ್ ಅಂಗಳದಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾಸ್ ತುಂಬಿಸುತ್ತಿದ್ದೆ. ನಲವತ್ತೊಂದು ಟ್ರೈಲರುಗಳು, ಒಂದು ಬಟ್ಟೆ ಒಗೆಯುವ ಕೊಠಡಿ, ಒಂದು ಅಂಗಡಿ, ಅಂಗಡಿಯ ಹಿಂದೆ ಬಿಳಿ ಬಣ್ಣದ ದೊಡ್ಡ ಪ್ರೊಪೇನ್ ಗ್ಯಾಸಿನ ಟ್ಯಾಂಕು. ಎಲ್ಲರೂ ಖಾಲಿ ಸಿಲಿಂಡರ್ ಎಳೆದುಕೊಂಡು ನನ್ನ ಹತ್ತಿರವೇ ಬರಬೇಕು. ನನ್ನ ಬಾಯಿಗೆ ಹೆದರಿ ನಲವತ್ತು ಮೈಲಿ ದೂರ ಹೋಗಿ ತುಂಬಿಸಿಕೊಂಡು ಬಂದವರೂ ಇದ್ದಾರೆ. ಹೋಗಲಿ, ನನಗೇನು.

ರಾಯ್ಸ್ ಬಂದ ಎರಡನೆಯ ವಾರ ಚಳಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯಿತು. ಬೆಳಿಗ್ಗೆ ಅಂಗಡಿಗೆ ಬಂದು, ಸಿಲಿಂಡರಿನಲ್ಲಿ ಗ್ಯಾಸ್ ಇದೆ, ಅಲುಗಿಸಿದರೆ ಗೊತ್ತಾಗುತ್ತದೆ, ಆದರೂ ಹೀಟರ್ ಉರಿಯುತ್ತಿಲ್ಲ, ರಾತ್ರಿ ಎರಡು ಕಂಬಳಿ ಸುತ್ತಿ ನೋಡಿದೆ, ಪ್ರಯೋಜನವಾಗಲಿಲ್ಲ ಎಂದ. ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ವರ್ಜಿಲ್ ಹಾಗೆನ್ ಅಂತ ಒಬ್ಬ ಹಳೆಯ ವೆಲ್ಡರ್ ಇದ್ದಾನೆ, ಏಳನೆಯ ನಂಬರಿನ ಟ್ರೈಲರಿನವನು. ಯಾರಾದರೂ ಜಾರಿ ಬಿದ್ದರೆ ನಗುವುದಕ್ಕೆಂದೇ ಹುಟ್ಟಿದವನು. ಅವನೂ ಇದ್ದ. ನಾನು ಸುಮ್ಮನಿರುವ ಪೈಕಿಯೇ?

"ಅಯ್ಯೋ ಪಾಪ, ಸಿಲಿಂಡರಿಗೆ ಚಳಿಯಾಯ್ತಾ? ಒಂದು ಟೋಪಿ ಹೆಣೆದು ಕೊಡ್ಲಾ?" ಎಂದೆ.

ವರ್ಜಿಲ್ ಗೋಡೆ ಹಿಡಿದುಕೊಂಡು ನಕ್ಕ. ರಾಯ್ಸ್ ಮಾತ್ರ ಟೋಪಿ ಕೈಯಲ್ಲಿ ಹಿಡಿದುಕೊಂಡು, "ಮತ್ತೇನು ಮಾಡ್ಬೇಕು ಹೇಳಿ, ಮಿಸ್ ಆರ್ಡಿಸ್" ಎಂದ. ಅವರ ಕಡೆ ವಯಸ್ಸಾದ ಹೆಂಗಸರನ್ನು ಹಾಗೆ ಕರೆಯುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು. ಇಲ್ಲಿ ನನ್ನನ್ನು ಯಾರೂ ಹಾಗೆ ಕರೆದಿಲ್ಲ. ಅದರಲ್ಲಿ ಮರ್ಯಾದೆ ಇದೆಯೋ ಕುಚೋದ್ಯ ಇದೆಯೋ ನನಗೆ ತಿಳಿಯಲಿಲ್ಲ.

ಕಂಬಳಿ ಹೊದ್ದರೆ ನಮಗೆ ಬೆಚ್ಚಗಾಗುವುದು ನಮ್ಮ ಮೈಯಲ್ಲಿ ಬಿಸಿ ಇರುವುದರಿಂದ. ಸಿಲಿಂಡರಿಗೆ ಎಲ್ಲಿಯ ಬಿಸಿ? ಒಳಗಿರುವ ದ್ರವ ಚಳಿಯಲ್ಲಿ ಗ್ಯಾಸ್ ಆಗಿ ಏಳುವುದೇ ನಿಧಾನ. ಅವನ ಸಿಲಿಂಡರುಗಳೋ, ಹಿತ್ತಲಲ್ಲಿ ಮಾಂಸ ಸುಡುವ ಒಲೆಗೆ ಹಾಕುವಂಥ ಗಿಡ್ಡವು. ಅದರಲ್ಲಿ ಇಡೀ ಟ್ರೈಲರ್ ಕಾಯಿಸುತ್ತೇನೆಂದರೆ ಆಗುತ್ತದೆಯೇ? ಎತ್ತರದ ದೊಡ್ಡ ಸಿಲಿಂಡರ್ ಬೇಕು. ಇಷ್ಟನ್ನು ಹೇಳುವುದಕ್ಕೆ ಎರಡು ನಿಮಿಷ ಸಾಕಿತ್ತು. ನಾನು ಹೇಳಲಿಲ್ಲ. ಎರಡು ದೊಡ್ಡ ಸಿಲಿಂಡರ್ ಕಡೆ ಬೆರಳು ತೋರಿಸಿ, ತಗೊಂಡು ಹೋಗು ಎಂದೆ. ಅವನು ಥ್ಯಾಂಕ್ಸ್ ಹೇಳಿ ತಗೊಂಡು ಹೋದ. ಈ ಥರದವರನ್ನು ಬೈದರೂ ಸುಖವಿಲ್ಲ.

ಆಮೇಲೆ ಅವನ ಸೋಪಿನ ನೀರು ಶುರುವಾಯಿತು. ನಾನು ತುಂಬಿಸಿ ಕೊಟ್ಟ ಸಿಲಿಂಡರನ್ನು ಮನೆಗೆ ಒಯ್ದವನೇ ಒಂದು ಬಾಟಲಿ, ಒಂದು ಬ್ರಶ್ಶು ಹಿಡಿದು ಅದರ ಮುಂದೆ ಮಂಡಿಯೂರಿ ಕೂರುವನು. ಪಾತ್ರೆ ತೊಳೆಯುವ ಸೋಪು, ಅದಕ್ಕೆ ಕಾರಿನ ಗಾಜು ತೊಳೆಯುವ ನೀಲಿ ನೀರು. ಹಾಗೆ ಬೆರೆಸಿದರೆ ಹೆಪ್ಪುಗಟ್ಟುವುದಿಲ್ಲವಂತೆ. ಅಷ್ಟು ಮಾತ್ರ ತಲೆ ಓಡಿತ್ತು. ಎಲ್ಲೆಲ್ಲಿ ತಿರುಪು, ಎಲ್ಲೆಲ್ಲಿ ಜೋಡಣೆ ಇದೆಯೋ ಅಲ್ಲೆಲ್ಲ ಬಳಿದು, ಗುಳ್ಳೆ ಬರುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡುವನು. ಗುಳ್ಳೆ ಬಂದರೆ ಸೋರುತ್ತಿದೆ ಎಂದರ್ಥ. ನನ್ನ ಕೈಯಿಂದ ಬಂದ ಸಿಲಿಂಡರನ್ನು ಪರೀಕ್ಷೆ ಮಾಡುವವನು ಈ ಜೌಗಿನ ಕಪ್ಪೆ!

"ಪಾತ್ರೆ ತೊಳೆಯೋ ಕೆಲಸ ಹೇಗೆ ನಡೀತಿದೆ?" ಎಂದು ಅವನು ಅಂಗಡಿಗೆ ಬಂದಾಗಲೆಲ್ಲ ಕೇಳುತ್ತಿದ್ದೆ. ವರ್ಜಿಲ್ ಆ ಮಾತನ್ನು ಎತ್ತಿಕೊಂಡ. ಡಿಸೆಂಬರ್ ಮುಗಿಯುವಷ್ಟರಲ್ಲಿ ಅಂಗಳದವರೆಲ್ಲ ಅವನಿಗೆ ಸೋಪಿನ ನೀರಿನ ಗಿರಾಕಿ ಎಂದು ಹೆಸರಿಟ್ಟಿದ್ದರು.

ಈಗ ಒಂದು ಮಾತು ಹೇಳಬೇಕು. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮೂರು ಚಳಿಗಾಲದ ಹಿಂದೆ ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ನನ್ನ ಮೂಗು ಸತ್ತುಹೋಗಿತ್ತು. ಕಾಫಿ ಎಂದರೆ ನನಗೆ ಬರೀ ಬಿಸಿನೀರು. ಬಾಣಲೆಯಲ್ಲಿ ಹಂದಿಮಾಂಸ ಕರಟಿ ಹೊಗೆಯೆದ್ದರೆ ಕಣ್ಣು ಉರಿದ ಮೇಲೆ ಗೊತ್ತಾಗುತ್ತಿತ್ತು. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ತಿಳಿಯಲಿ ಎಂದೇ ಕೊಳೆತ ಮೊಟ್ಟೆಯಂಥ ನಾತವನ್ನು ಅದಕ್ಕೆ ಬೆರೆಸಿರುತ್ತಾರೆ. ಆ ನಾತವೂ ನನ್ನ ಪಾಲಿಗೆ ಇರಲಿಲ್ಲ. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ದೊಡ್ಡ ಬ್ರೆಕ್ಕೆ ಮೊದಲ ದಿನವೇ ಹೇಳಿದ್ದ, ಮೂಗು ಇಲ್ಲದವರು ಈ ಕೊಳವೆ ಮುಟ್ಟಬಾರದು ಎಂದು. ಅವನು ಸತ್ತ ಮೇಲೆ ಮಗ ನಾರ್ಮನ್ ಅದೇ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಸಿ ಟ್ಯಾಂಕಿನ ಪಕ್ಕ ತೂಗುಹಾಕಿದ್ದ. ಒಂದನೆಯ ನಂಬರಿನ ಜಾಗದಲ್ಲಿ ನನ್ನ ಟ್ರೈಲರ್ ನಿಂತಿದ್ದು ಈ ಕೆಲಸದ ಮೇಲೆ. ಕೆಲಸ ಹೋದರೆ ಜಾಗವೂ ಹೋದಂತೆ. ಅರವತ್ನಾಲ್ಕನೆಯ ವಯಸ್ಸಿನಲ್ಲಿ ಎಲ್ಲಿಗೆ ಎಳೆದುಕೊಂಡು ಹೋಗಲಿ? ಆದ್ದರಿಂದ ಗಟ್ಟಿಯಾಗಿ ಮೂಗು ಎಳೆದು, "ಎಲ್ಲ ಸರಿ ಇದೆ, ನಡಿ" ಎಂದು ಸಿಲಿಂಡರ್ ಕೊಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಮೂರು ವರ್ಷ ಏನೂ ಆಗಲಿಲ್ಲ. ಕೈಗೆ ಗೊತ್ತಿರುವಾಗ ಮೂಗು ಯಾತಕ್ಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಜನವರಿ ಎರಡನೆಯ ವಾರ ಚಳಿ ತನ್ನ ನಿಜರೂಪ ತೋರಿಸಿತು. ಇಲ್ಲಿ ಚಳಿಗಾಲಕ್ಕೆ ಟ್ರೈಲರಿಗೆ ಲಂಗ ಉಡಿಸುತ್ತೇವೆ. ಎಂದರೆ ನೆಲಕ್ಕೂ ಟ್ರೈಲರಿನ ತಳಕ್ಕೂ ನಡುವಿನ ಸಂದಿಯಲ್ಲಿ ಗಾಳಿ ನುಗ್ಗದಂತೆ ಸುತ್ತಲೂ ಫೋಮ್ ಹಲಗೆ ನಿಲ್ಲಿಸಿ, ಹುಲ್ಲಿನ ಪಿಂಡಿ ಒತ್ತುತ್ತೇವೆ. ಒಳಗೆ ನೀರಿನ ಕೊಳವೆ ಹೆಪ್ಪುಗಟ್ಟದಿರಲಿ ಎಂದು ಒಂದು ದೊಡ್ಡ ಬಲ್ಬು ಇಡುತ್ತೇವೆ. ಚಳಿ ಏರಿದಾಗ ಅದು ಟಕ್ಕೆಂದು ತಾನೇ ಹತ್ತಿಕೊಳ್ಳುತ್ತದೆ. ಲಂಗ ಉಡಿಸುವಾಗ ಗಾಳಿ ಬೀಸದ ಕಡೆ ಬುಡದಲ್ಲಿ ಒಂದು ಕಿಂಡಿ ಬಿಡಲೇಬೇಕು. ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ತಗ್ಗಿಗೆ ಹರಿದು ಅಲ್ಲೇ ಮಡುಗಟ್ಟುತ್ತದೆ, ಕಿಂಡಿ ಇದ್ದರೆ ಹೊರಗೆ ಹೋಗುತ್ತದೆ. ಇದನ್ನು ಹೊಸಬರಿಗೆಲ್ಲ ಬೈದು ಬೈದು ಹೇಳುವವಳು ನಾನೇ. ಆ ವಾರ ನನ್ನ ನೀರಿನ ಕೊಳವೆ ಎರಡು ಸಲ ಕಟ್ಟಿಕೊಂಡಿತು. ನಾನು ಒಂದು ಪಿಂಡಿ ತಂದು ನನ್ನ ಕಿಂಡಿಯನ್ನು ಮುಚ್ಚಿದೆ. ಎರಡು ದಿನದ ಮಟ್ಟಿಗೆ, ಅಷ್ಟೆ ಎಂದುಕೊಂಡೆ. ಅದೇ ವಾರ ನನ್ನ ಸಿಲಿಂಡರ್ ಮೂರು ಸಲ ಖಾಲಿಯಾಯಿತು. ಈ ಚಳಿಗೆ ಹೀಟರ್ ರಾಕ್ಷಸನ ಹಾಗೆ ತಿನ್ನುತ್ತಿದೆ ಎಂದು ಬೈದುಕೊಂಡು ಮತ್ತೆ ತುಂಬಿಸಿದೆ. ಇಪ್ಪತ್ತೆರಡು ವರ್ಷದ ಅನುಭವ, ನೋಡಿ.

ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕಾಫಿಗೆ ನೀರಿಟ್ಟು, ಒಲೆ ಹಚ್ಚಲು ಲೈಟರ್ ಹುಡುಕುತ್ತಿದ್ದೆ. ಯಾರೋ ಬಾಗಿಲನ್ನು ಮುರಿಯುವ ಹಾಗೆ ಬಡಿದರು. ತೆರೆದರೆ ರಾಯ್ಸ್. ಒಗೆಯುವ ಕೊಠಡಿಗೆ ಹೊರಟವನು, ಭುಜದ ಮೇಲೆ ಬಟ್ಟೆಯ ಗಂಟು.

"ಒಲೆ ಹಚ್ಬೇಡಿ. ಲೈಟ್ ಸ್ವಿಚ್ ಮುಟ್ಬೇಡಿ. ಹಾಗೇ ಹೊರಗೆ ಬನ್ನಿ, ಮಿಸ್ ಆರ್ಡಿಸ್."

ಬೆಳಿಗ್ಗೆ ಬೆಳಿಗ್ಗೆ ಕುಡಿದು ಬಂದಿದ್ದೀಯಾ ಎಂದು ಕೇಳಿದೆ. ಅವನು ಬಟ್ಟೆಯ ಗಂಟನ್ನು ಹಿಮದ ಮೇಲೆ ಎಸೆದು, ಓಡಿಹೋಗಿ ನನ್ನ ಸಿಲಿಂಡರಿನ ವಾಲ್ವ್ ತಿರುಗಿಸಿ ಬಂದ್ ಮಾಡಿದ. ಆಮೇಲೆ ಹತ್ತು ಮಾರು ದೂರದ ಕಂಬದ ಹತ್ತಿರ ಹೋಗಿ ನನ್ನ ಟ್ರೈಲರಿನ ಕರೆಂಟ್ ತೆಗೆದ. ವಾಪಸ್ ಬಂದು ನಾನು ಒತ್ತಿದ್ದ ಪಿಂಡಿಯನ್ನು ಒದ್ದು ಉರುಳಿಸಿ, ಫೋಮ್ ಹಲಗೆಗಳನ್ನು ಕಿತ್ತು ಎಸೆಯತೊಡಗಿದ. ಸೊನ್ನೆಗಿಂತ ಮೂವತ್ನಾಲ್ಕು ಕೆಳಗಿರುವಾಗ ನನ್ನ ಲಂಗ ಕಿತ್ತವನನ್ನು ಸುಮ್ಮನೆ ಬಿಡುತ್ತೇನೆಯೇ? ಮನೆ ಚಪ್ಪಲಿಯಲ್ಲೇ ಇಳಿದು ಅವನ ಕೋಟು ಹಿಡಿದು ಎಳೆದೆ. ನಿನ್ನ ಅಪ್ಪನ ಮನೆಯೇನೋ ಇದು ಎಂದು ಕೇಳಿದೆ. ಇನ್ನೂ ಕೆಟ್ಟದ್ದಾಗಿ ಬೈದೆ.

ಅವನು ತಿರುಗಿ ನಿಂತು, "ನಿಮಗೆ ವಾಸನೆ ಬರ್ತಾ ಇಲ್ವಾ?" ಎಂದ.

"ಬರ್ತಿದೆ. ಇಷ್ಟು ಇದ್ದೇ ಇರುತ್ತೆ" ಎಂದೆ.

ಅವನು ನನ್ನ ಮುಖವನ್ನೇ ಒಂದು ಕ್ಷಣ ನೋಡಿದ. ಜೇಬಿನಿಂದ ಆ ಹಾಳು ಬಾಟಲಿ ತೆಗೆದು, ಸ್ವಲ್ಪವೇ ಸ್ವಲ್ಪ ವಾಲ್ವ್ ತೆರೆದು, ಟ್ರೈಲರಿನ ತಳಕ್ಕೆ ಹೋಗುವ ರಬ್ಬರ್ ಕೊಳವೆಗೆ ಸೋಪಿನ ನೀರು ಬಳಿದ. ಕಬ್ಬಿಣದ ಅಂಚಿಗೆ ಉಜ್ಜಿ ಉಜ್ಜಿ ರಬ್ಬರು ಸೀಳಿದ್ದ ಕಡೆ ಒಂದು ಗುಳ್ಳೆ ಎದ್ದಿತು. ನಿಂಬೆಹಣ್ಣಿನಷ್ಟಾಗಿ ಒಡೆಯಿತು. ಮತ್ತೊಂದು ಎದ್ದಿತು. ಅವನು ವಾಲ್ವ್ ಮುಚ್ಚಿದ. ಲಂಗದೊಳಗಿನ ಆ ಬಲ್ಬು ಇನ್ನೊಂದು ಸಲ ಟಕ್ಕೆಂದು ಕಿಡಿ ಹಾರಿಸಿದ್ದರೆ ಏನಾಗುತ್ತಿತ್ತು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ನಾರ್ಮನ್ ಬ್ರೆಕ್ಕೆ ಹಿಮ ತಳ್ಳುವ ಟ್ರಕ್ಕಿನಲ್ಲಿ ಬಂದ. ಕಿತ್ತುಬಿದ್ದ ಹಲಗೆ, ಚಪ್ಪಲಿಯಲ್ಲಿ ನಿಂತ ನಾನು, ಎಲ್ಲ ನೋಡಿ, ಏನಾಯಿತು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ರಾಯ್ಸ್ ಟೋಪಿ ತೆಗೆದು ಹೇಳಿದ: "ಮಿಸ್ ಆರ್ಡಿಸ್‌ಗೆ ಗ್ಯಾಸ್ ವಾಸನೆ ಬಂತಂತೆ. ಹಲಗೆ ಕೀಳೋಕೆ ನನ್ನನ್ನ ಕರೆದ್ರು."

ನಾರ್ಮನ್ ನನ್ನ ಕಡೆ ನೋಡಿ, ಅದಕ್ಕೇ ನಿನ್ನನ್ನು ಇಟ್ಟುಕೊಂಡಿರುವುದು ಆರ್ಡಿಸ್, ಎಂಥ ಮೂಗು ನಿನ್ನದು ಎಂದ. ಹೊಸ ಕೊಳವೆ ಅಂಗಡಿಯಿಂದ ತಗೋ ಎಂದು ಹೇಳಿ ಟ್ರಕ್ಕನ್ನು ಒಗೆಯುವ ಕೊಠಡಿಯ ಕಡೆಗೆ ತಿರುಗಿಸಿದ. ಈ ಕಂಬಳಿಯವನ ಕೈಯಿಂದ ಜೀವ ಉಳಿಸಿಕೊಂಡದ್ದು ಸಾಲದು ಎಂದು ಕೆಲಸವನ್ನೂ ಭಿಕ್ಷೆ ಹಾಕಿಸಿಕೊಳ್ಳಬೇಕೇ? ನಿನ್ನನ್ನು ಸುಳ್ಳು ಹೇಳು ಎಂದು ನಾನು ಕೇಳಿದೆನೇನು ಎಂದು ಅವನ ಮೇಲೆ ಹರಿಹಾಯ್ದೆ.

ರಾಯ್ಸ್ ಬಾಟಲಿಯ ಮುಚ್ಚಳ ತಿರುಗಿಸುತ್ತ, ನಿಧಾನವಾಗಿ ಹೇಳಿದ: "ನಿಮ್ಮ ಮೂಗು ಹೋಗಿದೆ ಅಂತ ನನಗೆ ಕ್ರಿಸ್‌ಮಸ್‌ಗಿಂತ ಮೊದಲೇ ಗೊತ್ತಿತ್ತು. ನೀವು ತುಂಬಿಸಿಕೊಟ್ಟ ಸಿಲಿಂಡರ್ ನಾಲ್ಕು ಸಲ ಸೋರ್ತಿತ್ತು. ತುಂಬಿಸೋವಾಗ ಸಡಿಲ ಮಾಡ್ತೀರಲ್ಲ, ಆ ಸಣ್ಣ ತಿರುಪು. ದಪ್ಪ ಕೈಗವಸಿನಲ್ಲಿ ಅದು ಪೂರ್ತಿ ಬಿಗಿಯಾಗಲ್ಲ. ನಾನು ಮನೇಲಿ ಬಿಗಿ ಮಾಡ್ಕೊಳ್ತಿದ್ದೆ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಒಂದು ಸಲ ಹೇಳೋಕೆ ಬಂದೆ. ಪಾತ್ರೆ ತೊಳೆದಾಯ್ತಾ ಅಂತ ಕೇಳಿದ್ರಿ. ಎಲ್ಲರೂ ನಕ್ಕರು. ನಾನು ವಾಪಸ್ ಹೋದೆ." ಅವನು ಬಟ್ಟೆಯ ಗಂಟು ಎತ್ತಿಕೊಂಡು ಹಿಮ ಕೊಡವಿದ. "ಅದು ನನ್ನ ತಪ್ಪೇ. ಹೇಳ್ಬೇಕಾಗಿತ್ತು."

ನನ್ನ ತಲೆಯಲ್ಲಿ ಆಗ ಓಡಿದ್ದು ಒಂದೇ. ಇವನೇನೋ ಸೋಪು ಬಳಿದು ಬದುಕಿದ. ಇನ್ನುಳಿದ ಮೂವತ್ತೊಂಬತ್ತು ಟ್ರೈಲರಿನವರು ಯಾರೂ ಬಳಿಯುವುದಿಲ್ಲ. ಬಳಿದರೆ ನಗುತ್ತಾರೆಂದು ಬಳಿಯುವುದಿಲ್ಲ. ನಗುವುದನ್ನು ಕಲಿಸಿದವಳು ನಾನು. ಆ ವಾರ ಎಲ್ಲರೂ ಕಿಂಡಿ ಮುಚ್ಚಿಕೊಂಡು ಕೂತಿರುತ್ತಾರೆ, ನಾನೇ ಮುಚ್ಚಿದ್ದ ಮೇಲೆ ಅವರೇನು.

ಚಪ್ಪಲಿಯಲ್ಲೇ ಒಗೆಯುವ ಕೊಠಡಿಯವರೆಗೆ ನಡೆದೆ. ನಾರ್ಮನ್ ಟ್ರಕ್ಕಿನಿಂದ ಇಳಿಯುತ್ತಿದ್ದ. "ನನಗೆ ಮೂಗಿಲ್ಲ ನಾರ್ಮನ್. ಮೂರು ವರ್ಷ ಆಯ್ತು. ಅವನು ಸುಳ್ಳು ಹೇಳಿದ" ಎಂದೆ. ಇವನನ್ನು ನಾನು ಮೂರು ಗಾಲಿಯ ಸೈಕಲ್ ತುಳಿಯುವಾಗಿನಿಂದ ನೋಡಿದ್ದೇನೆ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಕೈ ಚಾಚಿದ. ಟ್ಯಾಂಕಿನ ಬೀಗದ ಕೈಯನ್ನು ಕತ್ತಿನಿಂದ ತೆಗೆದು ಅವನ ಕೈಗೆ ಹಾಕಿದೆ. ಒಂದನೆಯ ನಂಬರಿನ ಜಾಗದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ವಾರ ಯಾರು ಯಾರಿಗೆ ತುಂಬಿಸಿದ್ದೀಯಾ ಎಂದಷ್ಟೇ ಕೇಳಿದ. ಎಲ್ಲರಿಗೂ ಎಂದೆ.

ರಾಯ್ಸ್ ಬಾಟಲಿ ಹಿಡಿದುಕೊಂಡು ಮುಂದೆ, ನಾನು ಬೂಟು ಹಾಕಿಕೊಂಡು ಹಿಂದೆ. ಎರಡನೆಯ ನಂಬರಿನ ಟ್ರೈಲರಿನಿಂದ ಶುರು ಮಾಡಿ ಪ್ರತಿ ಸಿಲಿಂಡರಿಗೂ ಸೋಪು ಬಳಿಯುತ್ತ ಹೋದೆವು. ಎರಡು, ಮೂರು, ನಾಲ್ಕು, ಐದು, ಆರು. ಗುಳ್ಳೆ ಇಲ್ಲ. ಮೂರು ಕಡೆ ಕಿಂಡಿಗೆ ಒತ್ತಿದ್ದ ಪಿಂಡಿಯನ್ನು ನಾನೇ ಒದ್ದು ಉರುಳಿಸಿದೆ. ಏಳನೆಯದರಲ್ಲಿ ಸಿಲಿಂಡರಿನ ಸಣ್ಣ ತಿರುಪಿಗೆ ರಾಯ್ಸ್ ಬ್ರಶ್ಶು ಮುಟ್ಟಿಸಿದ ಕೂಡಲೇ ನೊರೆ ಎದ್ದಿತು. ಗುಳ್ಳೆಯ ಮೇಲೆ ಗುಳ್ಳೆ. ಅವನು ವಾಲ್ವ್ ಮುಚ್ಚಲು ಬಗ್ಗಿದ. ಸದ್ದು ಕೇಳಿ ವರ್ಜಿಲ್ ಬಾಗಿಲು ತೆರೆದ. ಬಾಯಲ್ಲಿ ಹಚ್ಚದ ಸಿಗರೇಟು, ಕೈಯಲ್ಲಿ ಲೈಟರ್.

ಮಂಡಿಯೂರಿದ ರಾಯ್ಸನನ್ನೂ ನನ್ನನ್ನೂ ನೋಡಿ ಅವನ ಮುಖ ಅರಳಿತು. "ಓಹೋ, ಪಾತ್ರೆ ತೊಳೆಯೋಕೆ ಜೊತೆಗೆ ಆಳು ಸಿಕ್ಕಿದೆ" ಎಂದು ನನ್ನ ಕಡೆ ಕಣ್ಣು ಮಿಟುಕಿಸಿದ. ನಾನು ನಗಲಿ ಎಂದು ಕಾದ.

ನಾನು ಮೆಟ್ಟಿಲು ಹತ್ತಿ ಅವನ ಕೈಯಿಂದ ಲೈಟರ್ ಕಿತ್ತುಕೊಂಡೆ.