ಪಕ್ಕದ ಪ್ಲೇಟು

ಮನೆಯವರೆಲ್ಲ ಮೆಣಸು ಎಂದು ಕರೆಯುತ್ತಿದ್ದ ಮಗು ತೀರಿಕೊಂಡು ಮೂರು ವಾರವಾಗಿತ್ತು. ಅವಳ ನರಕೋಶಗಳಿಗೆ ಮಾತ್ರ ದಿನ ಬಿಟ್ಟು ದಿನದ ಊಟ ತಪ್ಪಿರಲಿಲ್ಲ. ಉಣಿಸುತ್ತಿದ್ದವಳು ಅವಳ ದೊಡ್ಡಮ್ಮ, ತಾಯಿಯ ಅಕ್ಕ. ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವುದೇ ಅವಳ ನೌಕರಿ. ಪ್ಲೇಟಿನ ಹಳೆಯ ಗುಲಾಬಿ ಪೋಷಕ ದ್ರವದಲ್ಲಿ ಅರ್ಧ ಹೀರಿ ತೆಗೆದು, ಅಷ್ಟೇ ಹೊಸದನ್ನು ಹನಿಹನಿಯಾಗಿ ಬಿಡಬೇಕು. ಪೂರ್ತಿ ಬದಲಿಸಿದರೆ ಇವು ಮುನಿಸಿಕೊಂಡು ಸತ್ತೇ ಹೋಗುತ್ತವೆ. ಅಷ್ಟು ಸೂಕ್ಷ್ಮ ಸ್ವಭಾವದವರು ಅಲ್ಲಿ ಇನ್ನೂ ಇಬ್ಬರಿದ್ದರು. ಆದರೆ ಅವರು ನೌಕರರು.

ಮಗು ಬದುಕಿದ್ದಾಗ ಅದರ ತೋಳಿನಿಂದ ಬೇಳೆಯಷ್ಟು ಚರ್ಮ ತೆಗೆದು, ನರಕೋಶಗಳಾಗಿ ಮಾರ್ಪಡಿಸಿ ಬೆಳೆಸಿದ ಕೋಶಗಳಿವು. ಕಾಯಿಲೆ ಏಕೆ ಬಂತೆಂದು ಆಸ್ಪತ್ರೆಯವರು ವರದಿ ಓದಿ ಹೇಳಿದ್ದು ಮಗುವಿನ ತಾಯಿಯಾದ ತಂಗಿಯ ತಲೆಗೆ ಹತ್ತಿರಲಿಲ್ಲ. ನೀನು ಸರಿಯಾಗಿ ತಿನ್ನಿಸಲಿಲ್ಲ ಎಂಬ ಅತ್ತೆಯ ಮಾತು ಮಾತ್ರ ಚೆನ್ನಾಗಿ ಹತ್ತಿತ್ತು.

ಇವತ್ತು ತಂಗಿ, "ಒಂದ್ಸಲ ನೋಡ್ತೀನಿ ಕಣೇ ಅಕ್ಕ" ಎಂದು ಪ್ರಯೋಗಾಲಯಕ್ಕೇ ಬಂದು ಕೂತಿದ್ದಳು.

ಅಕ್ಕನ ಕೈ ಮೆಣಸಿನ ಪ್ಲೇಟಿನವರೆಗೆ ಹೋಗಿ, ಹಿಂಜರಿದು, ಪಕ್ಕದ್ದನ್ನು ಎತ್ತಿಕೊಂಡಿತು. ಅದು ಹೋಲಿಕೆಗೆಂದು ಬೆಳೆಸಿದ್ದು, ಯಾವುದೋ ಗಟ್ಟಿಮುಟ್ಟಾದ ಮಗುವಿನದು. ನೊಂದ ಜೀವ, ಚೆಂದದ್ದನ್ನೇ ನೋಡಲಿ.

ತಂಗಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಉದ್ದುದ್ದ ಎಳೆಗಳು ಒಂದನ್ನೊಂದು ಮುಟ್ಟಿ ಬಲೆ ಹೆಣೆದಿದ್ದವು.

"ಎಷ್ಟು ಚೆನ್ನಾಗಿ ಬೆಳೆದಿದಾಳೆ!" ಎಂದವಳ ದನಿ ಅಲ್ಲೇ ಕುಸಿಯಿತು. "ಹಾಗಾದ್ರೆ ಒಳಗೇನೂ ಕೆಟ್ಟಿರ್ಲಿಲ್ಲ. ಅತ್ತೆ ಹೇಳಿದ್ದೇ ನಿಜ. ನಾನೇ ನೋಡ್ಕೊಳ್ಲಿಲ್ಲ."

ಅಕ್ಕ ಅವಳ ಭುಜ ಹಿಡಿದಳು. "ಅದು ಮೆಣಸಲ್ಲ ಕಣೇ. ಬೇರೆಯವರ ಮಗು. ನಿಂಗೆ ಬೇಜಾರಾಗ್ಬಾರ್ದು ಅಂತ..."

"ನನ್ನ ಮಗಳನ್ನ ತೋರ್ಸೋಕೆ ನಿಂಗೆ ನಾಚ್ಕೆ ಆಯ್ತಾ?"

ಅಕ್ಕ ಅದನ್ನು ತೆಗೆದು ಮೆಣಸಿನ ಪ್ಲೇಟು ಇಟ್ಟಳು. ಇದರಲ್ಲಿ ಎಳೆಗಳು ಮೊಟಕಾಗಿ, ಒಳಕ್ಕೆ ಮಡಚಿಕೊಂಡಿದ್ದವು.

"ಕೋಶದ ನಟ್ಟನಡುವೆ ಜೀನ್‌ಗಳಿರ್ತವೆ. ನರ ಬೆಳೆಯೋವಾಗ ಯಾವುದು ಮಾತಾಡ್ಬೇಕು, ಯಾವುದು ಬಾಯಿ ಮುಚ್ಕೊಂಡಿರ್ಬೇಕು ಅಂತ ನೋಡ್ಕೊಳ್ಳೋಕೆ ಅಲ್ಲೇ ಒಂದು ಪ್ರೋಟೀನ್ ಇರುತ್ತೆ. ಇವಳಲ್ಲಿ ಅದು ಸರಿಯಾಗಿ ತಯಾರಾಗ್ಲೇ ಇಲ್ಲ. ಸುಮ್ನಿರ್ಬೇಕಾದವೂ ಬಾಯಿ ಹಾಕ್ತವೆ."

"ನಮ್ಮತ್ತೆ ಮನೆ ಊಟದ ಹೊತ್ತಿನ ಥರ."

"ಹೂಂ, ಅದೇ."

ಇಬ್ಬರೂ ನಕ್ಕರು. ತಂಗಿಯ ನಗು ಅರ್ಧದಲ್ಲೇ ಅಳುವಾಯಿತು.

"ನಿನ್ನ ರಕ್ತದಲ್ಲೂ ನಿನ್ನ ಗಂಡನ ರಕ್ತದಲ್ಲೂ ಆ ಜೀನಿನ ತಪ್ಪು ಸಿಗ್ಲಿಲ್ಲ. ಅವಳಲ್ಲಿ ತಾನಾಗೇ ಆಗಿದ್ದು. ನೀನು ಏನು ತಿನ್ನಿಸಿದ್ರೂ ಇದು ಹೀಗೇ ಇರ್ತಿತ್ತು."

ತಂಗಿ ಕಣ್ಣೊರೆಸಿಕೊಂಡು ಮತ್ತೆ ಬಾಗಿದಳು. ಬಹಳ ಹೊತ್ತು ನೋಡಿದಳು.

"ಹೂಂ, ಇವಳೇ. ಹೀಗೇ ಕೈ ಮಡಚ್ಕೊಂಡು ಮಲಗೋಳು." ಸ್ವಲ್ಪ ಬಿಟ್ಟು, "ಲೈಟು ಸಣ್ಣ ಮಾಡೇ. ಬೆಳಕು ಜಾಸ್ತಿ ಆದ್ರೆ ಅವಳಿಗಾಗಲ್ಲ" ಎಂದಳು.

ಅಕ್ಕ ಗುಂಡಿ ತಿರುಗಿಸಿದಳು. ಬೆಳಕು ಏನೂ ಕಾಣದಷ್ಟು ಸಣ್ಣದಾಯಿತು. ತಂಗಿ ಕಣ್ಣು ತೆಗೆಯಲಿಲ್ಲ.