ಪಾವಟಿಗೆ ಇರುವ ಸಮುದ್ರ

ಬೀದರಿನ ರಶೀದ ಅಹ್ಮದರ ಅಂಗಡಿಯಲ್ಲಿ ಸ್ವಿಮ್ಮಿಂಗ್ ಡ್ರೆಸ್ ಕೇಳಿದರೆ ಅವರು ಮಕ್ಕಳ ಪೆಟ್ಟಿಗೆಯನ್ನೇ ಕೆಳಗಿಳಿಸಿದರು.

"ಮಗೂಗ ಎಷ್ಟ ವಯಸ್ಸ್ರಿ, ಬೆಹನ್‌ಜಿ?"

"ನನಗ ಬೇಕ್ರಿ," ಎಂದಳು ಆಮ್ರಪಾಲಿ.

ಅವರು ಅವಳ ಬರಿದಾದ ಕೊರಳನ್ನೊಮ್ಮೆ ನೋಡಿ, ಕಣ್ಣು ತಪ್ಪಿಸಿ, ಬೇರೆ ಪೆಟ್ಟಿಗೆ ತೆಗೆದರು. ಕರಿಯದು. ತೋಳು ಮುಂಗೈವರೆಗೆ, ಕಾಲು ಹಿಮ್ಮಡಿವರೆಗೆ.

"ಇದ್ರಾಗ ಮಾರಿ ಒಂದೇ ಕಾಣ್ತದ ನೋಡ್ರಿ. ಯಾರೂ ಏನೂ ಅನ್ನಂಗಿಲ್ಲ."

ಯಾರಾದರೂ ಏನಾದರೂ ಅನ್ನುತ್ತಾರೆಂದು ಅವಳು ಹೇಳಿಯೇ ಇರಲಿಲ್ಲ. ಡ್ರೆಸ್ಸನ್ನು ಚೀಲದ ತಳಕ್ಕೆ, ಔರಾದ ಕಾಲೇಜಿನಿಂದ ತಂದಿದ್ದ ಉತ್ತರಪತ್ರಿಕೆಗಳ ಕೆಳಗೆ ತುರುಕಿ ಭಾಲ್ಕಿಯ ಬಸ್ಸು ಹತ್ತಿದಳು.

ಭಾಲ್ಕಿಯಲ್ಲಿ ಭಾವನ, ಅಂದರೆ ಗಂಡನ ಅಣ್ಣ ಮಾಣಿಕನ ಮನೆ. ಔರಾದದಲ್ಲಿ ಅವಳ ಜೊತೆಗೇ ಇರುವ ಅತ್ತೆ ಕಾಂತಾಬಾಯಿ ಹಿಂದಿನ ದಿನವೇ ಇಲ್ಲಿಗೆ ಬಂದು ಕೂತಿದ್ದಳು. ಡಿಸೆಂಬರಿನ ರಜೆಗೆ ಗಾಡಿ ಮಾಡಿಕೊಂಡು, ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದ ಮಗ್ಗುಲಿಗೇ ಹೋಗುವುದೆಂದು ತೀರ್ಮಾನವಾಗಿತ್ತು. ಎಲ್ಲೆಲ್ಲಿ ಇಳಿಯುವುದು ಎಂಬುದಷ್ಟೇ ಬಾಕಿ.

ಆಮ್ರಪಾಲಿ ಮತ್ತು ಅವಳ ಗಂಡ ಅಶ್ವಜಿತ ಇಬ್ಬರೇ ಹೋಗಬೇಕೆಂದಿದ್ದ ದಾರಿ ಅದು. ಅವನಿಗೆ ಜ್ವರ ಬಂತು, ತೀರಿಹೋದ. ಎರಡು ವರ್ಷವಾಯಿತು. ಅತ್ತದ್ದು ಅವಳಿಗೆ ನೆನಪಿಲ್ಲ. ಅಂದಿನಿಂದ ಮೈಗೆ ಬಿಸಿಲು ಬಿದ್ದರೂ ತಣ್ಣೀರು ಬಿದ್ದರೂ ಒಂದೇ. ಸಮುದ್ರದಲ್ಲಿ ಈಜಿದರೆ ಮೈಗೆ ಏನಾದರೂ ತಿಳಿದೀತು ಎಂಬ ಆಸೆ ಒಂದಿತ್ತು. ಅಷ್ಟೇ.

ಮಾಣಿಕ ಮೊಬೈಲಿನ ನಕ್ಷೆಯನ್ನು ಟೀವಿಗೆ ಹಾಕಿಕೊಂಡು ಪರೀಕ್ಷಕನ ಹಾಗೆ ಕೂತಿದ್ದ.

"ಕಾರವಾರ. ಗಾಡಿ ನಿಲ್ಲಸ್ಲಾಕ ಜಾಗ ಭಾರಿ ಅದ. ಪಾಸ್."

"ಪಾವಟಿಗಿ ಅದಾವೇನೋ?" ಎಂದಳು ಕಾಂತಾಬಾಯಿ.

"ಅವ್ವಾ, ಅದು ಸಮುದ್ರ. ಮೆಟ್ಟಲ ಕಟ್ಟಲಾಕ ಬಾವಿ ಅಲ್ಲ."

"ಪಾವಟಿಗಿ ಇಲ್ದ ಜನ ನೀರಿಗಿ ಹ್ಯಾಂಗ ಇಳೀತಾರ? ಹಾರ್ತಾರೇನು?"

ಮಾಣಿಕನ ಹೆಂಡತಿ ಮನಿಷಾ ನಕ್ಕು ಚಹಾ ಚೆಲ್ಲಿಕೊಂಡಳು. ಅವಳಿಗೆ ಬೇಕಾದದ್ದು ಮರವಂತೆ. "ಒಂದ ಕಡಿ ಹೊಳಿ, ಒಂದ ಕಡಿ ಸಮುದ್ರ, ನಡಬರಕ ರೋಡು!"

"ಅಲ್ಲಿ ಈಸ್ಲಾಕ ಛಲೋ ಇಲ್ಲಂತಕ್ಕಾ. ಸೆಳವು ಜಾಸ್ತಿ," ಎಂದಳು ಆಮ್ರಪಾಲಿ.

"ಫೋಟೋ ತಗೀಲಾಕ ಈಸ್ಬೇಕೇನು?"

ಮರವಂತೆ ಪಾಸ್.

ಮುಲ್ಕಿಯ ಹತ್ತಿರ ಸಸಿಹಿತ್ಲು ಬಂದಾಗ ಮಾಣಿಕ ನೆಟ್ಟಗಾದ. "ಇಲ್ಲಿ ಸರ್ಫಿಂಗ್ ಅದ. ನಾ ಮಾಡಾಂವ."

"ನಿಮಗ ಈಸ್ಲಾಕ ಬರಲ್ಲಲ್ರಿ, ಭಾವಾರ?"

"ಹಲಗಿ ಮ್ಯಾಲ ನಿಂದ್ರದಕ್ಕ ಈಸೋದ್ಯಾಕ? ನಿಂದ್ರಲಾಕ ಬರ್ತದ, ಸಾಕು."

"ಸ್ಟೂಲ್ ಮ್ಯಾಲ ನಿಂತು ಬಲ್ಬ್ ಹಾಕ್ರಿ ಅಂದ್ರ ಕಾಲು ನಡಗ್ತಾವ ಇವರ್ವು," ಎಂದಳು ಮನಿಷಾ.

ಎಲ್ಲರೂ ನಕ್ಕರು. ಸಸಿಹಿತ್ಲು ಪಾಸ್. ಆ ನಗೆಯ ನಡುವೆಯೇ ಆಮ್ರಪಾಲಿ ಹೇಳಿದಳು: "ಗೋಕರ್ಣದ ಹತ್ರ ಕುಡ್ಲೆ ಅದರಿ. ಡಿಸೆಂಬರ್‌ನಾಗ ನೀರು ಶಾಂತ ಇರ್ತದಂತ. ಅಲ್ಲಿ ನಾ ಜರಾ ಹೊತ್ತು..."

"ದಂಡಿತನಕ ಗಾಡಿ ಹೋಗಲ್ಲ. ಕ್ಯಾನ್ಸಲ್."

"ಅಲ್ಲಿ ನಾ ಈಸ್ಬೇಕಂತೇನ್ರಿ."

ಮನಿಷಾ ಚಹಾ ಒರೆಸುವುದನ್ನು ನಿಲ್ಲಿಸಿದಳು. "ನೀ ನೀರಿಗಿ ಇಳದ್ರ ನಮ್ಮ ಚಪ್ಪಲಿ, ಬ್ಯಾಗು ಯಾರ ಕಾಯ್ತಾರ?"

ಅದರಲ್ಲಿ ಕುಹಕವಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. ದಂಡೆಯ ಮೇಲೆ ಚಪ್ಪಲಿ ಕಾಯುತ್ತ ಕೂರುವವಳು ಯಾರೆಂದು ಈ ಮನೆಯಲ್ಲಿ ಯಾರೂ ಮಾತಾಡಿರಲಿಲ್ಲ. ಮಾತಾಡುವ ಅಗತ್ಯವೇ ಬಿದ್ದಿರಲಿಲ್ಲ. ಈಜಲು ಬಾರದವನು ಅಲೆಯ ಮೇಲೆ ನಿಲ್ಲಬಹುದಿತ್ತು. ಅವಳು ಮಾತ್ರ ಚಪ್ಪಲಿಯ ಪಕ್ಕ.

"ನೋಡಮು," ಎಂದ ಮಾಣಿಕ.

ಅವಳು ಸ್ಕೂಟಿ ತೆಗೆದುಕೊಳ್ಳುತ್ತೇನೆಂದಾಗಲೂ, ಪಿಎಚ್.ಡಿ.ಗೆ ಕಲಬುರಗಿಗೆ ಹೋಗುತ್ತೇನೆಂದಾಗಲೂ ಇದೇ 'ನೋಡಮು' ಬಂದಿತ್ತು. ಆಮೇಲೆ ಯಾವುದನ್ನೂ ಯಾರೂ ನೋಡಿರಲಿಲ್ಲ.

"ನೋಡಮು ಅನಬ್ಯಾಡ್ರಿ, ಭಾವಾರ. ಹೂಂ ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ!"

ದನಿ ಅವಳಿಗೇ ಅಪರಿಚಿತವೆನಿಸುವಷ್ಟು ಏರಿತ್ತು.

"ಇಷ್ಟಕ್ಕ ಸಿಟ್ಟ್ಯಾಕವ್ವ?" ಮಾಣಿಕ ಗಲಿಬಿಲಿಗೊಂಡ. "ಗಾಡಿ ಮ್ಯಾಲೇ ನಿಲ್ಲಸ್ಬೇಕು. ಆಮ್ಯಾಲ ಗುಡ್ಡದಿಂದ ಪಾವಟಿಗಿ ಇಳ್ಕೋತ ಹೋಗ್ಬೇಕು. ಅವ್ವನ ಮೊಣಕಾಲಿಗಿ..."

"ಏನಂದಿ?" ಕಾಂತಾಬಾಯಿ ಮುಂದಕ್ಕೆ ಸರಿದಳು. "ಪಾವಟಿಗಿ ಅದಾವ?"

"ಅದಾವ, ಖರೆ..."

"ಮತ್ತ ಆಗಿನಿಂದ ಕೇಳ್ಲಿಕತ್ತಿದ್ದು ಏನು? ಅಲ್ಲೇ ಹೋಗಮು. ನಾ ಪಾವಟಿಗಿ ಮ್ಯಾಲ ಕುಂದುರ್ತೇನಿ, ಅಕಿ ಈಸ್ಲಿ. ಡಾಬಕಾದಾಗ ಅಕಿ ಈಸ್ಲಾಕ ಕಲಿವಾಗ ಹಗ್ಗ ಯಾರ ಹಿಡದಿದ್ರು, ನೀ ಹಿಡದಿದ್ದೇನು?"

ಗಂಡನ ಊರು ಡಾಬಕಾದ ಬಾವಿ. ಊರ ಬಾವಿಯಲ್ಲ, ಮಾವ ತೋಡಿಸಿದ ಸ್ವಂತ ಹೊಲದ ಬಾವಿ. ಮದುವೆಯಾದ ಹೊಸತರಲ್ಲಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅವಳು ಕೈಕಾಲು ಬಡಿಯುತ್ತಿದ್ದರೆ, ಅಶ್ವಜಿತ ನೀರಿನೊಳಗೆ ನಿಂತು ಬೆನ್ನು ಎತ್ತಿ ಹಿಡಿಯುತ್ತಿದ್ದ. ಹಗ್ಗದ ಇನ್ನೊಂದು ತುದಿ ಪಾವಟಿಗೆಯ ಮೇಲೆ ಕೂತ ಕಾಂತಾಬಾಯಿಯ ಕೈಯಲ್ಲಿತ್ತು.

"ಮತ್ತ ಚಪ್ಪಲಿ?" ಮನಿಷಾ ಇನ್ನೂ ಅಲ್ಲೇ ಇದ್ದಳು.

"ಕಾಲಾಗ ಹಾಕ್ಕೋ."

ಕುಡ್ಲೆ ಪಾಸ್ ಆಯಿತು.

ಔರಾದಕ್ಕೆ ಮರಳುವ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು. ಆಮ್ರಪಾಲಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಗೆದ್ದದ್ದು ಪಾವಟಿಗೆ. ಅವಳು ಬಾಯಿಬಿಟ್ಟು ಕೇಳಿದ್ದು ಆ ಟೀವಿಯ ಮುಂದೆ ಹಾಗೇ ಬಿದ್ದಿತ್ತು. ಚೀಲವನ್ನು ತೊಡೆಯ ಮೇಲೆ ಬಿಗಿಯಾಗಿ ಅವುಚಿಕೊಂಡು ಹೊರಗಿನ ತೊಗರಿ ಹೊಲಗಳನ್ನು ನೋಡುತ್ತ ಹಲ್ಲು ಕಚ್ಚಿದ್ದಳು.

"ಹಗ್ಗ ತರ್ಲೇನ?" ಎಂದಳು ಕಾಂತಾಬಾಯಿ.

"ಸಮುದ್ರಕ್ಕ ಹಗ್ಗ ಯಾರ ಒಯ್ತಾರತ್ತಿ? ಜನ ನಗ್ತಾರ. ನನಗೀಗ ಹಗ್ಗ ಬೇಕಾಗಲ್ಲ."

"ನಿನಗಲ್ಲ. ಅಷ್ಟ ದೊಡ್ಡ ನೀರಿನ ಮುಂದ ನಾ ಖಾಲಿ ಕೈಲೆ ಹ್ಯಾಂಗ ಕುಂದ್ರಲಿ?"

ಬಸ್ಸು ಠಾಣಾ ಕುಶನೂರ ದಾಟುವಾಗ ಆಮ್ರಪಾಲಿ ಚೀಲದ ಮೇಲಿನ ಹಿಡಿತ ಸಡಿಲಿಸಿದಳು.

"ಸಣ್ಣದು ತರ್ರಿ," ಎಂದಳು.