ಕೆಚ್ಚಿದ ಹಾಸು

ನನ್ನ ಆಯಿಯ, ಅಂದರೆ ಅಪ್ಪನ ತಾಯಿಯ, ಬಲಗೈ ಹೆಬ್ಬೆರಳು ಮತ್ತು ತೋರುಬೆರಳ ತುದಿ ಸದಾ ಬೂದಿಯ ಬಣ್ಣಕ್ಕಿರುತ್ತಿದ್ದವು. ಎಷ್ಟು ತಿಕ್ಕಿ ತೊಳೆದರೂ ಚರ್ಮದ ಗೆರೆಗಳಲ್ಲಿ ಕೂತದ್ದು ಬಿಡುತ್ತಿರಲಿಲ್ಲ. ಬೆಳಿಗ್ಗೆ ಮಿಂದು ಬಂದವಳೇ ಒಲೆಯ ಮುಂದೆ ಕೂತು, ತಣ್ಣಗಾದ ಬೂದಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ತೆಂಗಿನ ಕರಟವೊಂದಕ್ಕೆ ತುಂಬಿಕೊಳ್ಳುತ್ತಿದ್ದಳು. ಮೊದಲ ಚಿಟಿಕೆ ಹಣೆಗೆ, ಉಳಿದದ್ದೆಲ್ಲ ಮಗ್ಗಕ್ಕೆ.

"ಹಣಿಮ್ಯಾಲೆ ಇದ್ರ ದೇವರದು, ಬೆರಳಾಗ ಇದ್ರ ಹೊಟ್ಟೀದು. ಬೂದಿ ಮಾತ್ರ ಒಂದ," ಎನ್ನುತ್ತಿದ್ದಳು.

ನಮ್ಮದು ನೇಕಾರರ ಓಣಿ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿಗೆ ಹಾಸು ಎನ್ನುತ್ತೇವೆ. ಒಂದು ಹಾಸು ನೇಯ್ದು ಮುಗಿಯುತ್ತ ಬಂದಾಗ ಕೊನೆಯ ಎಳೆಗಳನ್ನು ಬಾಚಣಿಗೆಯಂಥ ಹಣಿಗೆಯಿಂದ ಕಿತ್ತು ತೆಗೆಯುವುದಿಲ್ಲ. ಗೇಣುದ್ದ ಹಾಗೆಯೇ ಬಿಟ್ಟು, ಪ್ರತಿ ಹಳೆಯ ಎಳೆಯ ತುದಿಗೆ ಒಂದೊಂದು ಹೊಸ ಎಳೆಯ ತುದಿ ಕೂಡಿಸಿ, ಬೂದಿ ಹಚ್ಚಿದ ಬೆರಳಲ್ಲಿ ಹೊಸೆಯುತ್ತಾರೆ. ಸಾವಿರಾರು ಎಳೆಗಳು, ಸಾವಿರಾರು ಕೂಡಿಕೆಗಳು. ಇದಕ್ಕೆ ಕೆಚ್ಚುವುದು ಎಂದು ಹೆಸರು. ನಮ್ಮ ಓಣಿಯಲ್ಲಿ ಗಂಡಸರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರು. ಕೆಚ್ಚುವುದು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು ಹೆಂಗಸರ ಪಾಲು. ಹೀಗೇಕೆ ಎಂದು ಯಾರೂ ಕೇಳಿದವರಲ್ಲ.

ನಾನು ಸಣ್ಣವಳಿದ್ದಾಗ ಒಮ್ಮೆ ಕೇಳಿದ್ದೆ: "ಆಯಿ, ಅಜ್ಜ ಹಾಕಿದ ಎಳಿ ಇದರಾಗ ಇನ್ನೂ ಐತೇನು?"

"ಎಲ್ಲೀದ ಹುಚ್ಚಿ! ಅಂವನ ಎಳಿ ಯಾವಾಕಿನೋ ಉಟ್ಟು, ಹರದು, ಕೌದಿ ಹೊಲದು ಹೊತಗೊಂಡೂ ಆತು. ಹಳೇ ಎಳಿ ಹೊಸಾದಕ್ಕ ದಾರಿ ತೋರಸತೈತಿ, ತಾ ಹೊಂಟು ಹೋಗತೈತಿ. ಅಷ್ಟ ಅದರ ಕೆಲಸ."

ಆ ಮಾತು ನನಗೆ ಆಗ ಹಿಡಿಸಿರಲಿಲ್ಲ. ಅಜ್ಜನದು ಒಂದಾದರೂ ಎಳೆ ಉಳಿದಿರಬೇಕಿತ್ತು ಎನ್ನಿಸಿತ್ತು.

ಅಜ್ಜ ಹೋದ ಮೇಲೆ ಅಪ್ಪ ಕುಣಿಗೆ ಇಳಿದಿದ್ದ. ಅಪ್ಪ ಹೋದ ಮೇಲೆ ಅವನ ತಮ್ಮ ದಾನಪ್ಪ ಕಾಕಾ. ಕಾಕಾನಿಗೆ ಇನ್ನೂ ಮದುವೆಯಾಗಿರಲಿಲ್ಲ. ನೇಯುತ್ತ ನೇಯುತ್ತ ಓಣಿಯ ಎಲ್ಲರ ನಡಿಗೆಯನ್ನು ಕಾಲುಮಣೆಯ ಸಪ್ಪಳದಲ್ಲೇ ಅಣಕಿಸಿ ನಮ್ಮನ್ನು ನಗಿಸುತ್ತಿದ್ದ. ನಮ್ಮ ಪಡಸಾಲೆ ಕಿರಿದು; ಹಾಸು ಕುಣಿಯಿಂದ ಹೊರಟು ಎದುರು ಗೋಡೆಯ ಗೂಟದವರೆಗೆ ಅಡ್ಡಕ್ಕೆ ಹರಡಿಕೊಂಡಿರುತ್ತಿತ್ತು. ಅದರ ತುದಿಯ ಹಗ್ಗವನ್ನು ಕಾಕಾ ತನ್ನದೇ ಒಂದು ಬಗೆಯ ಗಂಟು ಹಾಕಿ ಬಿಗಿಯುತ್ತಿದ್ದ. ಒಳಗಿನ ಕೋಣೆಗೆ ಹೋಗಬೇಕಾದವರು ಯಾರೇ ಇರಲಿ, ಹಾಸಿನ ಅಡಿ ಬಾಗಿಯೇ ಹೋಗಬೇಕು. "ನಮ್ಮನಿ ಬನಶಂಕರಿಗೆ ಎಲ್ಲಾರೂ ತಲಿ ಬಾಗತಾರ," ಎಂದು ಆಯಿ ಹಾಸನ್ನೇ ಕುಲದೇವಿಯೆಂದು ಕರೆದು ಹೆಮ್ಮೆಯಿಂದ ಹೇಳುತ್ತಿದ್ದಳು.

ಅಂಥ ಮನೆಯಲ್ಲಿ, ಒಂದು ಮಳೆಗಾಲ, ಜ್ವರ ಬಂದು ಕಾಕಾ ತೀರಿಕೊಂಡ. ನನಗಾಗ ಹದಿನೇಳರ ಆಸುಪಾಸು.

ಹೊತ್ತು ಮುಳುಗುವುದರೊಳಗೆ ಒಯ್ಯಬೇಕಿತ್ತು. ಮುಗಿಲು ಕವಿದಿತ್ತು. ಒಳಗಿನ ಕೋಣೆಯಿಂದ ಚಟ್ಟವನ್ನು ಎತ್ತಿಕೊಂಡು ಬಂದವರು ಹಾಸಿನ ಮುಂದೆ ನಿಂತರು. ಚಟ್ಟ ಬಾಗುವುದಿಲ್ಲ. ಹಾಸಿನ ಅಡಿಯಲ್ಲಿ ಹೆಣ ತೂರಿಸಬಾರದು ಎಂದು ಹಿರಿಯರೊಬ್ಬರು ಹೇಳಿದರು. ಅಪ್ಪ ಹೋದಾಗ ಕಾಕಾನೇ ಹಗ್ಗ ಬಿಚ್ಚಿ, ಹಾಸನ್ನು ಸುತ್ತಿ, ಬದಿಗೆ ಇಟ್ಟಿದ್ದನಂತೆ. ಈಗ ಬಿಚ್ಚುವವನೇ ಮಲಗಿಬಿಟ್ಟಿದ್ದ. ಮಳೆಯ ತೇವಕ್ಕೆ ಉಬ್ಬಿದ ಹಗ್ಗ. ಆ ಗಂಟು ಯಾರ ಉಗುರಿಗೂ ಬಗ್ಗಲಿಲ್ಲ. ಹೆಗಲ ಮೇಲೆ ಭಾರ ಹೊತ್ತವರು "ಲಗೂ ಮಾಡ್ರೋ" ಎಂದರು. ಆಗ ಪಕ್ಕದ ಮನೆಯ ಗ್ಯಾನಪ್ಪ, ಕಾಕಾನ ಜೊತೆಗಾರ, ತಾನೂ ನೇಕಾರ, ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲು ಎಳೆದು ಹಾಸನ್ನೇ ಕೊಯ್ದುಬಿಟ್ಟ.

ನೂಲು ಕತ್ತರಿಸಿದಾಗ ಸದ್ದಾಗುವುದಿಲ್ಲ ಎಂದುಕೊಂಡಿದ್ದೆ. ಆಗುತ್ತದೆ. ದೊಡ್ಡ ನಿಟ್ಟುಸಿರಿನ ಹಾಗೆ. ಬಿಗಿದ ಎಳೆಗಳೆಲ್ಲ ಎರಡೂ ಕಡೆಗೆ ಕುಸಿದು ಬಿದ್ದವು. ನಡುವಿನಿಂದ ಕಾಕಾ ಹೊರಗೆ ಹೋದ.

ಒಯ್ದು, ಮಣ್ಣು ಮಾಡಿ, ಮಿಂದು ಬಂದ ಮೇಲೆ ಗ್ಯಾನಪ್ಪನೇ ನಮ್ಮ ಕಟ್ಟೆಯ ಮೇಲೆ ಕೂತು ಹಣೆ ಹಣೆ ಬಡಿದುಕೊಂಡ. "ಹಗ್ಗ ಕೊಯ್ದಿದ್ರ ಆಗತಿತ್ತಲ್ಲ! ಬರೇ ಹಗ್ಗ! ಅಷ್ಟ ಮಂದಿಯಾಗ ಒಬ್ಬನಿಗೂ ಬುದ್ಧಿ ಬರಲಿಲ್ಲಲ್ಲ."



ಸೂತಕ ಕಳೆಯಿತು. ಆಯಿ ಕಾಕಾನ ಎರಡು ಧೋತರಗಳನ್ನು ತೊಳೆದು ಒಣಗಿಸಿ, ಮೇಲಿನ ತೊಲೆಯಿಂದ ಇಳಿಬಿಟ್ಟು, ಮಗ್ಗಕ್ಕೂ ಕಡಿದ ಹಾಸಿಗೂ ಮರೆ ಕಟ್ಟಿದಳು. ಒಳಗೆ ಒಂದು ದೀಪ ಇಟ್ಟಳು. ದಿನಾ ಉಂಡಾದ ಮೇಲೆ ಮರೆಯೊಳಗೆ ಹೋಗಿ ಕೂತರೆ ಸಂಜೆಯವರೆಗೆ ಹೊರಗೆ ಬರುತ್ತಿರಲಿಲ್ಲ. ಬಂದಾಗ ಕಣ್ಣು ಕೆಂಪಗೆ, ನೀರು ಸೋರುತ್ತಿರುತ್ತಿದ್ದವು. ಯಾರಾದರೂ ಇಣುಕಿದರೆ, "ನನ್ನ ಮಗನ ಜೋಡಿ ಕುಂತೀನಿ. ನೀ ನಿನ್ನ ಕೆಲಸಕ್ಕ ಹೋಗು," ಎನ್ನುವಳು.

"ಅಳಾಕ ಕುಂದರತಾಳ. ಅತ್ತು ಹಗರಾಗಲಿ, ಬಿಡು," ಎಂದಳು ಅವ್ವ.

ಕರಟದ ಬೂದಿ ದಿನಾ ಸಂಜೆಗೆ ಖಾಲಿಯಾಗುತ್ತಿತ್ತು. ಮೈಗೆಲ್ಲ ಬಳಿದುಕೊಂಡು ಜಪ ಮಾಡುತ್ತಾಳೇನೋ ಎಂದುಕೊಂಡೆ ನಾನು.

ಅವ್ವನಿಗೆ ಬೇರೆ ಚಿಂತೆ. ನೇಯುವ ಕೈ ಇಲ್ಲದ ಮನೆಯಲ್ಲಿ ಜೋಳದ ಡಬ್ಬಿ ತಳ ಕಂಡಿತ್ತು. ತನ್ನ ತವರಿಗೆ ಹೋಗಿಬಿಡೋಣ, ಅಣ್ಣ ಇರಗೊಡುತ್ತಾನೆ ಎಂಬುದು ಅವಳ ಲೆಕ್ಕ. ಗ್ಯಾನಪ್ಪ ಮಗ್ಗವನ್ನು ತನ್ನ ಕಿರಿಮಗನಿಗೆ ಕೊಳ್ಳುತ್ತೇನೆ ಎಂದು ಬಂದ. ತಪ್ಪು ಮಾಡಿದವನ ದನಿ ಅವನದು. ನೆಲ ನೋಡಿಕೊಂಡೇ ಮಾತಾಡಿದ.

"ಮಗ್ಗ ಅಂದ್ರ ಆಕಳ ಇದ್ದಂಗ, ವೈನಿ. ಹಿಂಡದ ಬಿಟ್ರ ಬತ್ತತೈತಿ. ಅದರ ಮ್ಯಾಲ, ಕೊಯ್ದ ಹಾಸು ಮನ್ಯಾಗ ಇರಬಾರದು. ನಾಳೆ ಮುಂಜಾನೆ ಬಂದು ಬಿಚ್ಚತೀನಿ."

ಅವ್ವ ಹೂಂ ಅಂದಳು. ಆಯಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು.

ಮಧ್ಯಾಹ್ನ. ಮರೆಯ ಹೊರಗೆ ನಿಂತು ಎರಡು ಸಲ ಕರೆದೆ. ಉತ್ತರವಿಲ್ಲ. ಅಳುವ ದನಿಯೂ ಇಲ್ಲ. ಧೋತರ ಸರಿಸಿದೆ.

ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಹಾಸು ಕುಣಿಯಿಂದ ಗೂಟದವರೆಗೆ ಮತ್ತೆ ಹರಡಿಕೊಂಡಿತ್ತು. ಕುಡುಗೋಲು ಹಾಯ್ದ ಜಾಗದಲ್ಲಿ ಒಂದೊಂದು ಎಳೆಗೂ ಬೆರಳುದ್ದ ಹೊಸ ನೂಲು ಸೇರಿಸಿ ಎರಡೂ ತುದಿ ಹೊಸೆದು ಕೂಡಿಸಿತ್ತು. ಇಡೀ ಅಗಲಕ್ಕೆ, ಇರುವೆ ಸಾಲಿನಂತೆ, ಕೆಚ್ಚಿನ ಗಂಟುಗಳು. ಅಂಚಿನಲ್ಲಿ ಒಂದು ಹಿಡಿಯಷ್ಟು ಎಳೆ ಮಾತ್ರ ಇನ್ನೂ ಜೋತಾಡುತ್ತಿದ್ದವು. ಆಯಿಯ ಕಣ್ಣು ಹಾಸಿನ ಮೇಲೆ ಇರಲೇ ಇಲ್ಲ. ಎಲ್ಲೋ ಸೂರು ನೋಡುತ್ತಿದ್ದಳು. ಕೆಲಸವೆಲ್ಲ ಬೆರಳಿನದು. ಅವಳಿಗೆ ಕಣ್ಣು ಮಂಜಾಗುತ್ತಿದೆ ಎಂದು ನನಗೆ ತಿಳಿದದ್ದೇ ಆಗ.

"ಆಯಿ, ನೀ ಅಳಾಕ ಕುಂತಿದ್ದೆಲ್ಲಾ..."

"ಅತ್ತೇನಿ. ಅಳಬ್ಯಾಡಂತ ಯಾರ ಹೇಳ್ಯಾರ? ಬಾಯಿ ಅಳತೈತಿ, ಕೈ ಖಾಲಿ ಇರತೈತಲ್ಲ. ಅದಕ್ಕೂ ಏನರ ಕೊಡಬೇಕು."

"ಮತ್ತ ಯಾಕ ಮರಿ ಕಟ್ಟಿದಿ? ನಾನೂ ಬರತಿದ್ನಿ."

"ಅರ್ಧಾದಾಗ ನೋಡಿದ್ರ ನಿಮ್ಮವ್ವ ಬ್ಯಾಡಂತಿದ್ಲು. ಕೊಯ್ದ ಹಾಸು ಅಪಶಕುನ ಅಂತ ಓಣಿ ಮಂದಿ ಎಲ್ಲಾ ಬಂದು ಬುದ್ಧಿ ಹೇಳತಿದ್ರು. ಮುಗದ ಮ್ಯಾಲ ಯಾರೂ ಏನೂ ಅನ್ನೂದಿಲ್ಲ."

ನಾಳೆ ಗ್ಯಾನಪ್ಪ ಬರುತ್ತಾನೆ ಎಂದೆ. ಉಳಿದ ಎಳೆಗಳಿಗೆ ಕೈ ಹಾಕಹೋದೆ. ಆಯಿ ನನ್ನ ಕೈ ತಡೆದಳು.

"ಅವು ಬ್ಯಾಡ. ಅವು ಬರಾವನವು."

ಮರುದಿನ ಗ್ಯಾನಪ್ಪ ಸುತ್ತಿಗೆ ಹಿಡಿದು, ಇಬ್ಬರು ಆಳುಗಳೊಡನೆ ಬಂದ. ಆಯಿ ಧೋತರದ ಮರೆಯನ್ನು ಸರ್ರನೆ ಎಳೆದಳು. ಅವನು ಬಾಗಿಲಲ್ಲೇ ನಿಂತುಬಿಟ್ಟ. ಅವನ ಹಿಂದೆ ಅವ್ವ.

"ಒಳಗ ಬಾರೋ ಗ್ಯಾನ್ಯಾ. ನಿನ್ನ ಪಾಲಿಂದು ಇಟ್ಟೀನಿ."

"ನನಗ ಕೆಚ್ಚಾಕ ಬರೂದಿಲ್ಲ, ದೊಡ್ಡವ್ವ. ಹೆಂಗಸರ ಕೆಲಸ ಅದು."

"ಕೊಯ್ಯೂದು ಯಾರ ಕೆಲಸ ಆಗಿತ್ತು?"

ಅವನು ಸುತ್ತಿಗೆ ಕೆಳಗಿಟ್ಟ. ಹಾಸಿನ ಅಡಿ ಬಾಗಿ ಒಳಗೆ ಬಂದು, ಮಂಡಿಯೂರಿ ಕೂತ. ಆಯಿ ಅವನ ಹೆಬ್ಬೆರಳು ಹಿಡಿದು ಕರಟದ ಬೂದಿಯಲ್ಲಿ ಅದ್ದಿದಳು. ಮೊದಲ ಎಳೆ ಕಳಚಿತು. ಎರಡನೆಯದೂ ಕಳಚಿತು. "ಹಿಸಕಬ್ಯಾಡೋ, ಹೊಸಿ. ಮಗುವಿನ ಕಿವಿ ಹಿಡದಂಗ ಹಿಡಿ," ಎಂದಳು. ಮುಂದಿನದು ಹಿಡಿಯಿತು. ಆ ದಪ್ಪ ಮನುಷ್ಯ ಮೂಗೊರೆಸಿಕೊಳ್ಳುತ್ತ, ಬೂದಿಯ ಮೂಗಿನಲ್ಲೇ, ಕೊನೆಯ ಎಳೆಯವರೆಗೆ ಕೆಚ್ಚಿ ಮುಗಿಸಿದ. ಆಳುಗಳು ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡರು.

"ಈಗ ನೇಯವರ ಯಾರು?" ಎಂದಳು ಅವ್ವ, ಮೆಲ್ಲಗೆ.

ಆಯಿ ನನ್ನ ಕಡೆ ಮುಖ ತಿರುಗಿಸಿದಳು. "ಇಳಿ."

"ದೊಡ್ಡವ್ವ, ಹೆಣ್ಮಗಳು ಕುಣಿಗೆ ಇಳಿದ್ರ..." ಎಂದ ಗ್ಯಾನಪ್ಪ.

"ಇಳಿದ್ರ ಏನಾಗತೈತಿ? ಕಾಲಿಗೆ ಮಣ್ಣು ಹತ್ತತೈತಿ. ತೊಳಕೊಂತಾಳ. ಇವತ್ತು ನೀ ಕೆಚ್ಚಿದಿ, ನಿನ್ನ ಮೀಸಿ ಉದುರಿತೇನು?"

ಆಳುಗಳಲ್ಲೊಬ್ಬ ನಕ್ಕ. ಗ್ಯಾನಪ್ಪನೂ ನಗಬೇಕಾಯಿತು. ಸೂತಕದ ನಂತರ ಆ ಮನೆಯಲ್ಲಿ ಕೇಳಿದ ಮೊದಲ ನಗೆ ಅದು. ನಾನು ಇಳಿದೆ. ಕಾಕಾನ ಹಿಮ್ಮಡಿ ತಗ್ಗು ಮಾಡಿದ ಜಾಗದಲ್ಲಿ ನನ್ನ ಹಿಮ್ಮಡಿ ತಾನಾಗಿ ಹೋಗಿ ಕೂತಿತು.

ಗ್ಯಾನಪ್ಪನೇ ನನಗೆ ಲಾಳಿ ಎಸೆಯಲು ಕಲಿಸಿದ. ಕಾಕಾ ಅರ್ಧಕ್ಕೆ ಬಿಟ್ಟ ಸೀರೆಯಲ್ಲಿ ಅವನ ಕೈ ಎಲ್ಲಿ ನಿಂತಿತು, ನನ್ನದೆಲ್ಲಿ ಶುರುವಾಯಿತು ಎಂಬುದು ಕುರುಡರಿಗೂ ತಿಳಿಯುವಂತಿತ್ತು. "ಅಂಚು ನೋಡು, ಎತ್ತು ಉಚ್ಚಿ ಹೊಯ್ದಂಗ ಬಂದೈತಿ," ಎಂದು ಗ್ಯಾನಪ್ಪ ಹಂಗಿಸುವನು. ನಾನು ಹಲ್ಲು ಕಚ್ಚಿ ನೇಯುತ್ತಿದ್ದೆ. ಅವ್ವ ತವರಿನ ಮಾತು ಬಿಟ್ಟು ಕಂಡಿಕೆ ಸುತ್ತಲು ಕೂತಳು.

ಆಯಿಗೆ ಕಣ್ಣು ಪೂರ್ತಿ ಹೋಯಿತು. ಕುಣಿಯ ಬದಿಗೆ ಚಾಪೆ ಹಾಸಿಕೊಂಡು ಮಲಗಿರುತ್ತಿದ್ದಳು. ದಿನಕ್ಕೊಮ್ಮೆ ಕೇಳುವಳು: "ಗಂಟು ಬಂದುವೇನ?"

"ಇನ್ನೂ ಇಲ್ಲ ಆಯಿ. ದೂರ ಅದಾವು."

ನೇಯ್ದಂತೆಲ್ಲ ಹಾಸು ಮುಂದೆ ಸರಿಯುತ್ತದೆ. ಒಂದು ಸೀರೆ ಇಳಿಯಿತು. ಇನ್ನೊಂದರ ಒಡಲಿನಲ್ಲಿದ್ದಾಗ ಗಂಟುಗಳ ಸಾಲು ಹಣಿಗೆಯ ಹತ್ತಿರ ಬಂತು. ಉಸಿರು ಬಿಗಿಹಿಡಿದು, ನಾಲ್ಕಾರು ಎಳೆಗಳಂತೆ ಸವರಿ ಸವರಿ ದಾಟಿಸಿದೆ. ನೇಯ್ದ ಬಟ್ಟೆಯಲ್ಲಿ ಅದು ಒಂದು ಸಣ್ಣ ಏರಿನ ಹಾಗೆ ಉಳಿಯಿತು. ಆಯಿಯ ಕೈ ತಂದು ಅದರ ಮೇಲಿಟ್ಟೆ. ಬೂದಿಯ ಬೆರಳುಗಳು ಈ ಅಂಚಿನಿಂದ ಆ ಅಂಚಿಗೆ ನಿಧಾನವಾಗಿ ನಡೆದವು.

"ಇಲ್ಲೇ ಹೋದ ನೋಡು, ಅಂವ," ಎಂದಳು.

ಆ ಸೀರೆಯನ್ನು ಮನೆಯಲ್ಲೇ ಇಟ್ಟುಕೊಳ್ಳೋಣ ಎಂದೆ. "ಇಟ್ರ ಹುಳಾ ತಿಂತೈತಿ. ಯಾರರ ಉಟಗೊಳ್ಳಲಿ," ಎಂದಳು. ಅದೂ ಉಳಿದವುಗಳ ಜೊತೆ ಸಂತೆಗೆ ಹೋಯಿತು. ಆ ಮೇಲೆ ಅವಳು ಗಂಟಿನ ವಿಚಾರ ಕೇಳಲಿಲ್ಲ. ಹಗ್ಗದ ಗಂಟಿನ ಬೆನ್ನು ಹತ್ತಿದಳು. ಒಂದೇ ಎಳೆತಕ್ಕೆ ಬಿಚ್ಚುವಂಥದು ಹಾಕಬೇಕು, ನಾನು ಬಿಗಿದದ್ದನ್ನು ತಾನೇ ಮುಟ್ಟಿ ಎಳೆದು ನೋಡಬೇಕು. ಬಿಚ್ಚದಿದ್ದರೆ ಬೈಗುಳ. ಯಾತಕ್ಕೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಆಕೆ ಹೋದದ್ದು ಒಂದು ಬೆಳಿಗ್ಗೆ, ಒಲೆಯ ಮುಂದೆ, ಬೂದಿ ಸೋಸುತ್ತ ಕೂತಲ್ಲೇ. ಚಟ್ಟ ಎತ್ತುವ ಹೊತ್ತಿಗೆ ನಾನು ಎಲ್ಲರಿಗಿಂತ ಮೊದಲು ಪಡಸಾಲೆಗೆ ಬಂದು ಗೂಟದ ಬಳಿ ನಿಂತೆ. ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಬಿಚ್ಚಿತು. ಗ್ಯಾನಪ್ಪ ಎರಡೂ ತೋಳುಗಳಲ್ಲಿ ಹಾಸನ್ನು ಕೂಸಿನಂತೆ ಸುತ್ತಿ ಎತ್ತಿಕೊಂಡು, ಗೋಡೆಗೆ ಒತ್ತಿಕೊಂಡು ನಿಂತ. ಎಲ್ಲರನ್ನೂ ಬಾಗಿಸಿದ ಆ ಜಾಗದಲ್ಲಿ ಆಯಿ ಯಾರಿಗೂ ಬಾಗದೆ ನೆಟ್ಟಗೆ ಹೊರಗೆ ಹೋದಳು.

ಸೂತಕ ಕಳೆದ ದಿನ ಮಿಂದು ಬಂದು ಹಾಸನ್ನು ಬಿಡಿಸಿ ಬಿಗಿದೆ. ಸುತ್ತುವಾಗ ಸಿಕ್ಕಿಕೊಂಡಿತ್ತೇನೋ, ಅಂಚಿನ ಒಂದೇ ಒಂದು ಎಳೆ ಹರಿದು ಜೋತಾಡುತ್ತಿತ್ತು. ಒಲೆಯ ಬಳಿ ಅವಳ ಕರಟ ಹಾಗೇ ಇತ್ತು, ಅವಳು ಅರ್ಧ ಸೋಸಿದ ಬೂದಿಯೊಂದಿಗೆ. ಮೊದಲ ಚಿಟಿಕೆ ಹಣೆಗೆ ಇಟ್ಟುಕೊಂಡೆ. ಉಳಿದದ್ದನ್ನು ಬೆರಳಿಗೆ ಹಚ್ಚಿ, ಎರಡು ತುದಿ ಕೂಡಿಸಿ, ಹೊಸೆದು, ಮೆಲ್ಲಗೆ ಎಳೆದು ನೋಡಿದೆ.

ಹಿಡಿಯಿತು.